ಮುನ್ನೂರು ರೂಪಾಯಿಯ ಲೆಕ್ಕ

ಸೌರದೀಪದ ಕಂತು ತಿಂಗಳಿಗೆ 300 ರೂಪಾಯಿ. ಅಥವಾ ದಿನಕ್ಕೆ 10 ರೂಪಾಯಿ. ಇವುಗಳಲ್ಲಿ ಹೆಚ್ಚಿನದು ಯಾವುದು? ಎರಡೂ ಒಂದೇ ಎಂದು ತರಗತಿಯಲ್ಲಿ ನಾವು ಹೇಳಿಬಿಡುತ್ತೇವೆ. ಆದರೆ ಅಂದಿನ ಗಳಿಕೆಯಿಂದ ಅಂದಿನ ಅನ್ನ ಉಣ್ಣುವ ಬೀದಿ ವ್ಯಾಪಾರಿಗೆ ಮೊದಲನೆಯದು ನಿಲುಕದು; ಎರಡನೆಯದು ಕೈಗೆಟುಕುವುದು.

ಈ ಪಾಠವನ್ನು ಬೀದಿ ವ್ಯಾಪಾರಿಯಿಂದಲೇ ಕಲಿತುದಾಗಿ ಹರೀಶ್ ಹಂದೆಯವರು ಹೇಳುವುದುಂಟು. ಖರಗಪುರ ಐ.ಐ.ಟಿ.ಯ ಪದವೀಧರರಾದ ಇವರು ಅಮೆರಿಕದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಡೊಮಿನಿಕನ್ ಗಣರಾಜ್ಯಕ್ಕೆ ಹೋಗಿದ್ದರು. ಅಲ್ಲಿ ಬಡವರ ಮನೆಗಳಲ್ಲಿ ಸೌರದೀಪ ಬೆಳಗುವುದನ್ನು ಕಂಡು, ತಮ್ಮ ಸಂಶೋಧನೆಯ ವಿಷಯವನ್ನೇ ಬದಲಿಸಿದರು. 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೊ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದರು. ದೀಪವನ್ನಷ್ಟೇ ಅಲ್ಲದೆ, ಸಾಲದ ಕಂತನ್ನೂ ಗ್ರಾಹಕರ ಸಂಪಾದನೆಗೆ ಹೊಂದಿಸುವುದು ಅದರ ಮಾರ್ಗ. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು.

ತರುಣ ಪದವೀಧರರನ್ನು ಇಂಥ ಸಮಾಜೋದ್ಯಮಕ್ಕೆ ಪ್ರೇರಿಸುವ ಗುಣಗಳಾವುವು? ಮೇಯರ್ ಮತ್ತು ನೊಬೊವಾ ಎಂಬ ವಿದ್ವಾಂಸರು 2006ರಲ್ಲಿ ನಾಲ್ಕು ಅಂಶಗಳನ್ನು ಮುಂದಿಟ್ಟರು: ಪರರ ಕಷ್ಟವನ್ನು ಅರಿಯುವ ಸಹಾನುಭೂತಿ, ನೈತಿಕ ವಿವೇಚನೆ, ತನ್ನಿಂದ ಸಾಧ್ಯವೆಂಬ ನಂಬಿಕೆ, ಸುತ್ತಲಿನವರ ಬೆಂಬಲ. ಮೊದಲ ಮೂರು ನಮ್ಮೊಳಗೆ ಬೆಳೆಯಬೇಕಾದವು. ಕೊನೆಯದು ಸಮಾಜ ನೀಡಬೇಕಾದುದು.

ಇವುಗಳ ಜೊತೆಗೆ ಭೌತವಿಜ್ಞಾನ ಕಲಿಸುವ ಇನ್ನೊಂದು ಗುಣವನ್ನು ನಾವು ಸೇರಿಸಬಯಸುತ್ತೇವೆ. ಪ್ರಯೋಗದ ಫಲ ನಮ್ಮ ಊಹೆಗೆ ಹೊಂದದಿದ್ದರೆ ನಾವು ಪ್ರಕೃತಿಯನ್ನು ದೂರುವುದಿಲ್ಲ, ಊಹೆಯನ್ನು ತಿದ್ದಿಕೊಳ್ಳುತ್ತೇವೆ. ಬಡವನೊಬ್ಬ "ಈ ಕಂತು ನನಗಾಗದು" ಎಂದಾಗ ಅವನಿಗೆ ಲೆಕ್ಕ ಬಾರದೆಂದು ತಿಳಿಯುವವನು ದೀಪ ಮಾರಲಾರ; ತನ್ನ ಲೆಕ್ಕವನ್ನೇ ಮತ್ತೆ ನೋಡುವವನು ಮನೆ ಬೆಳಗಿಸಬಲ್ಲ.