ನಿಮಗಿದು ಗೊತ್ತೆ? ಮರವಿಲ್ಲದ ದ್ವೀಪದಲ್ಲಿ 900 ವರ್ಷದ ಮರದ ಮನೆ!

ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ ಕಾಡೇ ಇಲ್ಲ. ಆದರೂ ಜಗತ್ತಿನಲ್ಲಿ ಇಂದಿಗೂ ಜನ ವಾಸಿಸುತ್ತಿರುವ ಅತಿ ಹಳೆಯ ಮರದ ಮನೆಗಳಲ್ಲಿ ಒಂದು ಅಲ್ಲಿದೆ! ಚಿರ್ಚುಬೋವುರ್ ಹಳ್ಳಿಯ ಈ ಹೊಲಮನೆಯ ಹಳೆಯ ಭಾಗ 11ನೇ ಶತಮಾನದ್ದು ಎನ್ನುತ್ತಾರೆ. ದಿಮ್ಮಿಗಳು ನಾರ್ವೆಯಿಂದ ಕಡಲಲ್ಲಿ ತೇಲಿಬಂದವು ಎಂಬುದು ಸ್ಥಳೀಯರ ನಂಬಿಕೆ. ಕೆಳಗೆ ಕಲ್ಲಿನ ತಳಪಾಯ, ಮೇಲೆ ಕಪ್ಪು ಟಾರು ಬಳಿದ ಮರದ ಗೋಡೆ. ಚಾವಣಿಯ ಮೇಲೆ ಹಸಿರು ಹುಲ್ಲು ಬೆಳೆದು ನಿಂತಿದೆ!

ಒಂದು ಕಾಲಕ್ಕೆ ಇದು ಬಿಷಪ್ಪರ ನಿವಾಸ. ಧರ್ಮಸುಧಾರಣೆಯ ನಂತರ ಜಮೀನು ಡೆನ್ಮಾರ್ಕ್ ದೊರೆಯ ಪಾಲಾಯಿತು. 1550ರ ಸುಮಾರಿನಿಂದ ಇದನ್ನು ಗೇಣಿಗೆ ಪಡೆದು ಉಳುತ್ತ, ಕುರಿ ಸಾಕುತ್ತ ಬಂದಿರುವುದು ಒಂದೇ ಮನೆತನ. ಈಗ 17ನೇ ತಲೆಮಾರು! ಪಕ್ಕದಲ್ಲೇ ಮಧ್ಯಯುಗದ ಕಲ್ಲಿನ ಕ್ಯಾಥೆಡ್ರಲ್ ಇದೆ. ಅದಕ್ಕೆ ಮಾತ್ರ ಚಾವಣಿ ಇಲ್ಲ.