ಗ್ರ್ಯಾಂಡ್ ಕ್ಯಾನ್ಯನ್ ಉಳಿಸಿದ ಪತ್ರಗಳು

ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕೊಲೊರಾಡೊ ನದಿಗೆ ಎರಡು ಅಣೆಕಟ್ಟು ಕಟ್ಟಲು ಅಮೆರಿಕದ ಫೆಡರಲ್ ಸರ್ಕಾರವೇ ಹೊರಟಿತ್ತು. ಅದನ್ನು ತಡೆದದ್ದು ಹೇಗೆ ಗೊತ್ತಾ?

1966ರ ಜೂನ್. ಸಿಯೆರಾ ಕ್ಲಬ್ ಎಂಬ ಪರಿಸರ ಸಂಘಟನೆ ದೊಡ್ಡ ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಹಾಕಿಸಿತು. ಸರ್ಕಾರಕ್ಕೆ ಪತ್ರ ಬರೆಯಿರಿ ಎಂದು ಓದುಗರನ್ನು ಕೇಳಿಕೊಂಡಿತು. ಸಂಸತ್ತಿನ ಮೇಲೆ ಪ್ರಭಾವ ಬೀರಲು ಹೊರಟಿದ್ದಕ್ಕೆ ತಕ್ಷಣ ತೆರಿಗೆ ಇಲಾಖೆಯ ನೋಟಿಸ್ ಬಂತು. ಸಂಘಟನೆಗೆ ಕೊಡುವ ದೇಣಿಗೆಗೆ ಸಿಗುತ್ತಿದ್ದ ತೆರಿಗೆ ರಿಯಾಯಿತಿ ಹೋಯಿತು. ಆದರೆ ಜನರ ಬೆಂಬಲ ಇನ್ನೂ ಹೆಚ್ಚಿತು. ಸಂಸದರಿಗೆ ರಾಶಿ ರಾಶಿ ಪತ್ರ ಬಂದವು. 1968ರ ಕೊಲೊರಾಡೊ ನದಿ ಕಾಯ್ದೆಯಲ್ಲಿ ಆ ಎರಡು ಅಣೆಕಟ್ಟುಗಳೂ ಇರಲಿಲ್ಲ!

ಇವತ್ತು ಅಮೆರಿಕದ ಪರಿಸರ ಸಂಘಟನೆಗಳಿಗೆ ಸರ್ಕಾರದ ಮೇಲೆ ಪ್ರಭಾವ ಬೀರಲು ಮುಖ್ಯವಾಗಿ ಮೂರು ದಾರಿ.

ಒಂದು, ಸಂಸತ್ತು. ಸಂಘಟನೆಗಳ ಲಾಬಿಗಾರರು ಸಂಸದರನ್ನೂ ಅವರ ಸಿಬ್ಬಂದಿಯನ್ನೂ ಭೇಟಿಯಾಗಿ ಮಸೂದೆಗಳ ಬಗ್ಗೆ ವಾದ ಮಂಡಿಸುತ್ತಾರೆ. 1995ರ ಕಾಯ್ದೆಯಂತೆ ಲಾಬಿ ಖರ್ಚಿನ ಲೆಕ್ಕವನ್ನು ಬಹಿರಂಗಪಡಿಸಬೇಕು.

ಎರಡು, ಸರ್ಕಾರಿ ಸಂಸ್ಥೆಗಳು. ಪರಿಸರ ಸಂಸ್ಥೆ ಇಪಿಎ ಹೊಸ ನಿಯಮ ತರುವ ಮೊದಲು ಸಾಮಾನ್ಯವಾಗಿ ಕರಡು ಪ್ರಕಟಿಸಿ ಜನರ ಅಭಿಪ್ರಾಯ ಕೇಳಬೇಕು. ಸಂಘಟನೆಗಳು ವೈಜ್ಞಾನಿಕ ಪುರಾವೆ ಸಲ್ಲಿಸುತ್ತವೆ, ಸದಸ್ಯರಿಂದಲೂ ಬರೆಸುತ್ತವೆ. ನಿಯಮ ಕಾನೂನಿಗೆ ವಿರುದ್ಧ ಅನ್ನಿಸಿದರೆ ಕೋರ್ಟಿಗೆ ಹೋಗುತ್ತವೆ.

ಮೂರು, ಚುನಾವಣೆ. ಲೀಗ್ ಆಫ್ ಕನ್ಸರ್ವೇಷನ್ ವೋಟರ್ಸ್ ಎಂಬ ಸಂಘಟನೆ 1970ರಿಂದ ಸಂಸದರ ಅಂಕಪಟ್ಟಿ ಪ್ರಕಟಿಸುತ್ತಿದೆ. ಪರಿಸರದ ವಿಷಯ ಬಂದಾಗ ಯಾರು ಯಾವ ಕಡೆ ಮತ ಹಾಕಿದರು ಎಂಬುದು ಅದರಲ್ಲಿರುತ್ತದೆ; ಮತದಾರರು ಅದನ್ನು ನೋಡಿ ಮತ ಹಾಕಬಹುದು.

ಈ ಮೂರೂ ದಾರಿಗಳಿಗೆ ಬಲ ಕೊಡುವುದು ಸಾಮಾನ್ಯ ಜನ. ಹಾಗಾಗಿ ನಿಮ್ಮೂರಿನ ನದಿ, ಕೆರೆ, ಕಾಡಿನ ಬಗ್ಗೆ ಸರ್ಕಾರ ಅಭಿಪ್ರಾಯ ಕೇಳಿದಾಗ ಸುಮ್ಮನಿರಬೇಡಿ, ಬರೆಯಿರಿ.