ಗೊಬ್ಬರದ ಗುಂಡಿಯಿಂದ ಹಾರಿಹೋಗುವ ಸಾರ

ಕೊಟ್ಟಿಗೆ ಗೊಬ್ಬರವನ್ನು ನಾವು ಬುಟ್ಟಿ ಲೆಕ್ಕದಲ್ಲಿ ಅಳೆಯುತ್ತೇವೆ. ಅದರಲ್ಲಿ ಸಾರ ಎಷ್ಟು ಉಳಿದಿದೆ ಎಂದು ನೋಡುವವರು ಕಡಿಮೆ. ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆರೆದಾಗ ಮೂಗಿಗೆ ಬಡಿಯುವ ಘಾಟು ಅಮೋನಿಯಾ ಅನಿಲದ್ದು. ತೋಟಕ್ಕೆ ಸಲ್ಲಬೇಕಾದ ಸಾರಜನಕವೇ ಆ ರೂಪದಲ್ಲಿ ಗಾಳಿಗೆ ಸೇರುತ್ತಿರುತ್ತದೆ.

ನಷ್ಟದ ಲೆಕ್ಕ ನೋಡೋಣ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಗೊಬ್ಬರ, 12 ಕಿಲೋ ಹಸಿರು ಸೊಪ್ಪು ಎಂಬುದು ಶಿಫಾರಸು. ಎಕರೆಗೆ 550 ಮರವೆಂದರೆ 6,600 ಕಿಲೋ ಗೊಬ್ಬರ. ಅದರಲ್ಲಿ ನೂರಕ್ಕೆ ಅರ್ಧ ಪಾಲು ಸಾರಜನಕವಿದ್ದರೆ 33 ಕಿಲೋ ಆಯಿತು. ಅಂದರೆ 45 ಕಿಲೋದ ಒಂದೂವರೆ ಚೀಲಕ್ಕೂ ಮಿಕ್ಕಿದ ಯೂರಿಯಾಕ್ಕೆ ಸಮ. ಇದರಲ್ಲಿ ಹಾರಿಹೋದಷ್ಟನ್ನು ನಾವು ಹಣ ಕೊಟ್ಟು ಮತ್ತೆ ತರಬೇಕು.

ಹಾರಿಹೋಗುವುದು ಹೇಗೆ? ಗಂಜಲದಲ್ಲಿ ಯೂರಿಯಾ ಇದೆ. ಸಗಣಿಯ ಸೂಕ್ಷ್ಮಾಣುಗಳು ಅದನ್ನು ಬೇಗನೆ ಒಡೆದು ಅಮೋನಿಯಾ ಮಾಡುತ್ತವೆ. ಬಿಸಿಲು, ಗಾಳಿ ಮತ್ತು ಕ್ಷಾರಗುಣ ಹೆಚ್ಚಿದಷ್ಟೂ ನಷ್ಟ ಹೆಚ್ಚು. ಇನ್ನು ಮಳೆನೀರು ನಿಂತ ಗುಂಡಿಯಲ್ಲಿ ಗಾಳಿಯಾಡದೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಇದು ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಶಾಖ ಹಿಡಿಯುತ್ತದೆ. ಹೂಮಳೆಯನ್ನೇ ನಂಬಿದ ಕಾಫಿ ಬೆಳೆಗಾರರಿಗೆ ಹವೆಯ ಏರುಪೇರು ದೂರದ ಮಾತಲ್ಲ.

ಪರಿಹಾರಕ್ಕೆ ದೊಡ್ಡ ಖರ್ಚೇನೂ ಬೇಡ.

1. ಕೊಟ್ಟಿಗೆಗೆ ಒಣ ತರಗು, ಹುಲ್ಲು ಧಾರಾಳವಾಗಿ ಹಾಸಿರಿ. ಇವು ಗಂಜಲವನ್ನು ಹೀರುತ್ತವೆ. ಕೊಳೆಯುವಾಗ ಸೂಕ್ಷ್ಮಾಣುಗಳು ಸಾರಜನಕವನ್ನು ಹಿಡಿದಿಡುತ್ತವೆ.

2. ಗುಂಡಿ ಎತ್ತರದ ಜಾಗದಲ್ಲಿರಲಿ, ಮೇಲೆ ಸೋಗೆಯ ಚಪ್ಪರವಿರಲಿ. ಹೊರಗಿನ ನೀರು ಒಳಕ್ಕೆ ಹರಿಯಬಾರದು. ಸಗಣಿಯ ಪ್ರತಿ ಪದರದ ಮೇಲೂ ತರಗು ಹರಡಿ, ಗುಂಡಿ ತುಂಬಿದ ಮೇಲೆ ಮಣ್ಣು ಮುಚ್ಚಿರಿ.

3. ಬಚ್ಚಲೊಲೆಯ ಬೂದಿಯನ್ನು ಗುಂಡಿಗೆ ಸುರಿಯುವ ರೂಢಿ ಅನೇಕ ಮನೆಗಳಲ್ಲಿದೆ. ಬೂದಿ, ಸುಣ್ಣ ಎರಡೂ ಕ್ಷಾರ; ಹಸಿ ಗೊಬ್ಬರಕ್ಕೆ ಬೆರೆತರೆ ಅಮೋನಿಯಾವನ್ನು ಹೊರಗಟ್ಟುತ್ತವೆ. ಬೂದಿಯನ್ನು ಬೇರೆಯಾಗಿ ಕೂಡಿಟ್ಟು ತೋಟಕ್ಕೆ ಹಾಕಿರಿ. ಕಾಫಿಗೆ ಸುಣ್ಣ ಹಾಕುವುದಕ್ಕೂ ಗೊಬ್ಬರ ಹಾಕುವುದಕ್ಕೂ ನಡುವೆ ಕೆಲವು ವಾರಗಳ ಅಂತರವಿರಲಿ.

4. ಗೊಬ್ಬರವನ್ನು ಗುಪ್ಪೆಗುಪ್ಪೆಯಾಗಿ ಸುರಿದು ದಿನಗಟ್ಟಲೆ ಬಿಸಿಲಿಗೆ ಬಿಡಬೇಡಿ. ಸಂಜೆಯ ತಂಪಿನಲ್ಲಿ ಅಥವಾ ಮೋಡದ ದಿನ ಬುಡಕ್ಕೆ ಹಾಕಿ ಅಂದೇ ಮಣ್ಣು, ಸೊಪ್ಪು ಮುಚ್ಚಿರಿ. ಭಾರೀ ಮಳೆಯ ದಿನಗಳಲ್ಲಿ ಹಾಕಿದರೆ ಸಾರ ಹಳ್ಳ ಸೇರುತ್ತದೆ.

5. ಗೋಬರ್ ಗ್ಯಾಸ್ ಇರುವವರಿಗೆ ಮೀಥೇನ್ ಅಡುಗೆಯ ಉರಿಯಾಗಿ ದಕ್ಕುತ್ತದೆ. ಆದರೆ ಹೊರಬರುವ ಬಗ್ಗಡದಲ್ಲಿ ಅಮೋನಿಯಾ ರೂಪದ ಸಾರಜನಕ ಹೆಚ್ಚು. ಅದನ್ನು ಒಣಗಿಸಿದರೆ ಆ ಪಾಲು ಹೋಯಿತೆಂದೇ ತಿಳಿಯಿರಿ. ತರಗಿನ ಗುಂಡಿಗೆ ಬಿಡುವುದು, ಇಲ್ಲವೇ ನೀರು ಬೆರೆಸಿ ನೇರವಾಗಿ ಬುಡಕ್ಕೆ ಕೊಡುವುದು ಮೇಲು.

ಒಂದು ಎಚ್ಚರಿಕೆ. ಮುಚ್ಚಿದ ಬಗ್ಗಡದ ಗುಂಡಿಗೆ, ಗ್ಯಾಸಿನ ತೊಟ್ಟಿಗೆ ಯಾರನ್ನೂ ಇಳಿಸಬೇಡಿ. ಅಲ್ಲಿನ ವಿಷಾನಿಲ ಕ್ಷಣಗಳಲ್ಲಿ ಪ್ರಾಣ ತೆಗೆಯುತ್ತದೆ. ಬಿದ್ದವರನ್ನು ಎತ್ತಲು ಇಳಿದವರೂ ಉಳಿಯುವುದಿಲ್ಲ.

ಈ ಹಂಗಾಮಿಗೆ ಇದಿಷ್ಟರಲ್ಲಿ ಎರಡನ್ನಾದರೂ ರೂಢಿಗೆ ತನ್ನಿ: ಗುಂಡಿಗೆ ಚಪ್ಪರ, ಬೂದಿಗೆ ಬೇರೆ ಜಾಗ. ಘಾಟು ಕಡಿಮೆಯಾದುದನ್ನು ಮೂಗೇ ಹೇಳುತ್ತದೆ.